ಇಟ್ಟಿಗೆಯಾದ ಫೋನಿನ ಪುನರುಜ್ಜೀವನ: ಒಂದು ಚಾರಿತ್ರಿಕ ವಿವೇಚನೆ

೧. ಪ್ರಸ್ತಾವನೆ

ಯಂತ್ರೋಪಕರಣಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳ ಆವಿಷ್ಕಾರವನ್ನೂ ಪ್ರಸಾರವನ್ನೂ ಕುರಿತೇ ಬರೆದಿದ್ದಾರೆ. ಅವು ಕೆಟ್ಟುನಿಂತ ಮೇಲೆ ಏನಾಯಿತು, ಅವನ್ನು ಮರಳಿ ನಡೆಸಿದವರು ಯಾರು, ಹಾಗೆ ನಡೆಸುವ ಅಧಿಕಾರ ಅವರಿಗೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಪ್ರಸ್ತುತ ಲೇಖನದಲ್ಲಿ ಅಂಥ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ಒಳಗಿನ ಮೂಲಬರಹ ಕೆಟ್ಟುಹೋಗಿ ಸ್ಮಾರ್ಟ್‌ಫೋನೊಂದು ನಿಶ್ಚೇಷ್ಟಿತವಾದಾಗ, ಅದರ ಅತ್ಯಂತ ಕೆಳಗಿನ ಸ್ತರಕ್ಕೆ ಇಳಿದು, ಆ ಬರಹವನ್ನು ಹೊಸದಾಗಿ ಬರೆದು, ಫೋನನ್ನು ಮತ್ತೆ ಎಬ್ಬಿಸುವ ವಿದ್ಯೆ ಕಳೆದ ಎರಡು ದಶಕಗಳಲ್ಲಿ ಬೆಳೆದುಬಂದಿದೆ. ಈ ಮೂಲಬರಹಕ್ಕೆ ಫರ್ಮ್‌ವೇರ್ ಎಂದೂ, ಅದನ್ನು ಬರೆಯುವ ಕ್ರಿಯೆಗೆ ಫ್ಲ್ಯಾಷ್ ಮಾಡುವುದೆಂದೂ ಹೆಸರು. ನಮ್ಮ ಊರುಗಳ ದುರಸ್ತಿ ಅಂಗಡಿಗಳಲ್ಲಿ ಇದನ್ನೇ ‘ಸಾಫ್ಟ್‌ವೇರ್ ಹಾಕುವುದು’ ಎನ್ನುತ್ತಾರೆ.

ಈ ವಿದ್ಯೆಯ ಸೂಕ್ಷ್ಮವಿವರಗಳು ತಂತ್ರಜ್ಞರಿಗೆ ಸೇರಿದವು. ಆದರೆ ಒಡೆತನ, ಗುಟ್ಟು, ಅಧಿಕಾರಮುದ್ರೆ, ಕಾನೂನು ಇವೆಲ್ಲವೂ ಅಂಗೈಯಗಲದ ಒಂದು ವಸ್ತುವಿನಲ್ಲಿ ಕೂಡಿಬಂದಿರುವುದರಿಂದ ಇದರ ಚರಿತ್ರೆ ಇತಿಹಾಸದ ವಿದ್ಯಾರ್ಥಿಗಳ ಗಮನಕ್ಕೂ ಅರ್ಹವಾಗಿದೆ. ನಮ್ಮ ಪ್ರತಿಪಾದನೆ ಸಂಕ್ಷೇಪವಾಗಿ ಇಷ್ಟು: ಫೋನನ್ನು ಮರಳಿ ಎಬ್ಬಿಸುವ ಬಾಗಿಲು ಅದರ ಹುಟ್ಟಿನೊಡನೆಯೇ ಇರುತ್ತದೆ, ತಯಾರಕನ ಅಗತ್ಯಕ್ಕಾಗಿಯೇ ಇಟ್ಟ ಆ ಬಾಗಿಲನ್ನು ಕಿತ್ತುಹಾಕುವುದು ಅವನಿಗೂ ಅನುಕೂಲವಲ್ಲ, ಆದುದರಿಂದ ಅದಕ್ಕೆ ಬೀಗ ಬಿದ್ದಿತು, ಆ ಬೀಗದ ಕೀಲಿಕೈ ಯಾರಲ್ಲಿರಬೇಕೆಂಬ ವಿವಾದವೇ ಈ ಚರಿತ್ರೆಯ ತಿರುಳು.

೨. ಶಬ್ದವಿಚಾರ

‘ಇಟ್ಟಿಗೆ’ ಎಂಬ ಶಬ್ದ ಫೋನಿನ ಚರಿತ್ರೆಯಲ್ಲಿ ಎರಡು ಸಲ, ಎರಡು ಬೇರೆ ಅರ್ಥಗಳಲ್ಲಿ ಕಾಣಿಸಿಕೊಳ್ಳುತ್ತದೆ. ೧೯೮೩ರಲ್ಲಿ ಅಮೆರಿಕದ ಸರ್ಕಾರದಿಂದ ಅನುಮತಿ ಪಡೆದ ಮೊಟೊರೊಲಾ ಸಂಸ್ಥೆಯ ಡೈನಾಟ್ಯಾಕ್ ಎಂಬ ಕೈಫೋನು ಮುಕ್ಕಾಲು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು; ಅದರ ಆಕಾರವನ್ನೂ ಭಾರವನ್ನೂ ಕಂಡು ಜನ ಅದನ್ನು ಇಟ್ಟಿಗೆಯೆಂದು ಕರೆದರು. ಫೋನುಗಳು ತೆಳುವಾದ ಮೇಲೆ ಆ ಅರ್ಥ ಹಿಂದೆ ಸರಿದು, ಜೀವವಿಲ್ಲದ, ಇಟ್ಟಿಗೆಯಷ್ಟೇ ಉಪಯೋಗವುಳ್ಳ ಉಪಕರಣವೆಂಬ ಎರಡನೆಯ ಅರ್ಥ ರೂಢಿಗೆ ಬಂದಿತು. ಮೊದಲನೆಯದು ಹೊರಗಿನ ಆಕಾರವನ್ನು ಹೇಳಿದರೆ ಎರಡನೆಯದು ಒಳಗಿನ ಸ್ಥಿತಿಯನ್ನು ಹೇಳುತ್ತದೆ.

ಈ ಎರಡನೆಯ ಅರ್ಥದಲ್ಲಿಯೂ ಎರಡು ದರ್ಜೆಗಳುಂಟು. ಫೋನು ಹೊತ್ತಿಕೊಂಡು ತಯಾರಕನ ಲಾಂಛನವನ್ನು ತೋರಿಸಿ ಅಲ್ಲಿಯೇ ನಿಲ್ಲುವುದು ಮೊದಲನೆಯದು. ‘ಲೋಗೋದಲ್ಲೇ ನಿಂತಿದೆ’ ಎಂದು ಅಂಗಡಿಯವರು ಹೇಳುವುದು ಇದನ್ನೇ. ಪರದೆಯಾಗಲಿ ಗುಂಡಿಯಾಗಲಿ ಯಾವುದಕ್ಕೂ ಓಗೊಡದಿರುವುದು ಎರಡನೆಯದು. ಇದಕ್ಕೆ ಅವರ ಮಾತಿನಲ್ಲಿ ‘ಡೆಡ್’. ಆದರೆ ಡೆಡ್ ಎನಿಸಿದ ಫೋನುಗಳಲ್ಲಿ ಹಲವು ನಿಜವಾಗಿ ಸತ್ತಿರುವುದಿಲ್ಲ; ಮುಂದಿನ ಬರಹ ಸಿಕ್ಕದೆ ಮೊದಲ ಮೆಟ್ಟಿಲಲ್ಲಿಯೇ ಕಾಯುತ್ತಿರುತ್ತವೆ. ಈ ಕಾಯುವಿಕೆಯ ಕಾರಣವನ್ನು ತಿಳಿಯಲು ಅಳಿಸಿ ಬರೆಯಬಲ್ಲ ಮೆಮೊರಿಯ ಇತಿಹಾಸಕ್ಕೆ ಸ್ವಲ್ಪ ಹಿಂದೆ ಹೋಗಬೇಕಾಗುತ್ತದೆ.

೩. ಅಳಿಸಿ ಬರೆಯುವ ವಿದ್ಯೆ

ಆರಂಭದ ಯಂತ್ರಗಳಲ್ಲಿ ಮೂಲಬರಹವು ಕಾರ್ಖಾನೆಯಲ್ಲಿಯೇ ಅಚ್ಚಾಗುತ್ತಿತ್ತು. ಅದನ್ನು ಕೆಡಿಸುವುದೂ ಆಗದು, ತಿದ್ದುವುದೂ ಆಗದು. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಎಂಬವರು ರೂಪಿಸಿದ ಚಿಪ್‌ನಲ್ಲಿ ಬರಹವನ್ನು ಅಳಿಸಿ ಮತ್ತೆ ಬರೆಯುವುದು ಸಾಧ್ಯವಾಯಿತು. ಅಳಿಸಬೇಕಾದರೆ ಚಿಪ್ಪಿನಂಥ ಹೊದಿಕೆಯ ಮೇಲಿನ ಗಾಜಿನ ಕಿಂಡಿಯ ಮೂಲಕ ಅತಿನೇರಳೆ ಕಿರಣಗಳನ್ನು ಹಾಯಿಸಬೇಕಾಗಿತ್ತು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕಾ ೧೯೮೪ರಲ್ಲಿ ಪ್ರಕಟಿಸಿದ ಹೊಸ ಬಗೆಯ ಮೆಮೊರಿಯಲ್ಲಿ ವಿದ್ಯುತ್ತಿನಿಂದಲೇ ದೊಡ್ಡ ಭಾಗಗಳನ್ನು ಒಮ್ಮೆಗೇ ಅಳಿಸಬಹುದಾಗಿತ್ತು. ಕ್ಯಾಮೆರಾದ ಮಿಂಚುಬೆಳಕಿನಂತೆ ಕ್ಷಣಮಾತ್ರದಲ್ಲಿ ಅಳಿಸುವುದನ್ನು ಕಂಡು ಅವರ ಸಹೋದ್ಯೋಗಿಯೊಬ್ಬರು ಅದಕ್ಕೆ ಫ್ಲ್ಯಾಷ್ ಎಂಬ ಹೆಸರನ್ನು ಸೂಚಿಸಿದರೆಂದು ತಿಳಿದುಬರುತ್ತದೆ. ಇಂದು ದುರಸ್ತಿಯ ಅಂಗಡಿಯಲ್ಲಿ ಕ್ರಿಯಾಪದವಾಗಿರುವ ಶಬ್ದದ ಮೂಲ ಇದು.

ಹೊಸ ಅನುಕೂಲದೊಡನೆ ಹೊಸ ಅಪಾಯವೂ ಬಂದಿತು. ಸುಲಭವಾಗಿ ತಿದ್ದಬಹುದಾದುದು ಸುಲಭವಾಗಿ ಕೆಡಲೂಬಹುದು. ಇದು ದೊಡ್ಡ ಪ್ರಮಾಣದಲ್ಲಿ ಜನರ ಅನುಭವಕ್ಕೆ ಬಂದುದು ೧೯೯೯ರ ಏಪ್ರಿಲ್ ೨೬ರಂದು. ತೈವಾನಿನ ವಿದ್ಯಾರ್ಥಿಯೊಬ್ಬ ೧೯೯೮ರಲ್ಲಿ ರಚಿಸಿದ್ದ ಸಿ.ಐ.ಎಚ್. ಎಂಬ ವೈರಸ್ ಆ ದಿನ ಎಚ್ಚೆತ್ತು ಕಂಪ್ಯೂಟರುಗಳ ಡಿಸ್ಕನ್ನು ಹಾಳುಮಾಡಿದುದಲ್ಲದೆ, ಅನೇಕ ಯಂತ್ರಗಳಲ್ಲಿ ಪ್ರಾರಂಭದ ಬರಹವಿದ್ದ ಫ್ಲ್ಯಾಷ್ ಚಿಪ್‌ನ ಮೇಲೂ ಕಸ ಬರೆಯಿತು. ಅಂಥ ಯಂತ್ರಗಳಲ್ಲಿ ಒಂದು ತಂತಿಯೂ ಸುಟ್ಟಿರಲಿಲ್ಲ. ಆದರೂ ಅವು ಏಳಲಿಲ್ಲ. ಚಿಪ್ಪನ್ನು ಬದಲಿಸಬೇಕು, ಇಲ್ಲವೇ ಅದನ್ನು ಹೊರತೆಗೆದು ಬೇರೆ ಉಪಕರಣದಲ್ಲಿಟ್ಟು ಬರೆಯಬೇಕು. ದೇಹ ಸರಿಯಿದ್ದೂ ಬರಹ ಕೆಟ್ಟ ಕಾರಣದಿಂದ ಯಂತ್ರ ಸಾಯಬಹುದೆಂಬ ತಿಳಿವಳಿಕೆ ಸಾಮಾನ್ಯ ಜನರನ್ನು ತಲುಪಿದ ಸಂದರ್ಭಗಳಲ್ಲಿ ಇದು ಮುಖ್ಯವಾದುದೆಂದು ನಾವು ಭಾವಿಸುತ್ತೇವೆ.

೪. ಬಾಗಿಲಿನ ರಚನೆ

ಸ್ಮಾರ್ಟ್‌ಫೋನಿನಲ್ಲಿ ಈ ತೊಡಕಿಗೆ ಪರಿಹಾರವನ್ನು ಪ್ರೊಸೆಸರಿನ ಒಳಗೇ ಇಡಲಾಯಿತು. ಗುಂಡಿಯನ್ನು ಒತ್ತಿದಾಗ ಪ್ರೊಸೆಸರ್ ಮೊದಲು ಓದುವುದು ತನ್ನೊಳಗೆ ತಯಾರಿಕೆಯ ಕಾಲದಲ್ಲಿಯೇ ಅಚ್ಚಾದ, ಯಾರೂ ಅಳಿಸಲಾರದ ಒಂದು ಚಿಕ್ಕ ಬರಹವನ್ನು. ತಂತ್ರಜ್ಞರು ಬೂಟ್‌ರೋಮ್ ಎನ್ನುವ ಇದನ್ನು ಈ ಲೇಖನದಲ್ಲಿ ‘ಆದಿಲೇಖ’ವೆಂದು ಕರೆಯುತ್ತೇವೆ. ಆದಿಲೇಖವು ಫ್ಲ್ಯಾಷ್ ಮೆಮೊರಿಯಿಂದ ಎರಡನೆಯ ಬರಹವಾದ ಬೂಟ್‌ಲೋಡರನ್ನು ಕರೆತರುತ್ತದೆ; ಅದು ಮುಂದಿನದನ್ನು; ಹೀಗೆ ಸರಣಿಯಾಗಿ ಸಾಗಿ ಕೊನೆಗೆ ನಾವು ಕಾಣುವ ಪರದೆ ಮೂಡುತ್ತದೆ. ಎರಡನೆಯ ಬರಹ ಕಾಣೆಯಾಗಿದ್ದರೆ ಅಥವಾ ಕೆಟ್ಟಿದ್ದರೆ, ಆದಿಲೇಖವು ಯು.ಎಸ್.ಬಿ. ತಂತಿಯ ಕಡೆಗೆ ತಿರುಗಿ ಹೊರಗಿನಿಂದ ಯಾರಾದರೂ ಬರಹವನ್ನು ಕಳುಹಿಸಿಯಾರೆಂದು ಕಾಯುತ್ತದೆ. ನಾವು ಬಾಗಿಲೆಂದು ಕರೆದದ್ದು ಇದನ್ನೇ.

ಈ ಬಾಗಿಲನ್ನು ಇಟ್ಟದ್ದು ಕೊಳ್ಳುವವನಿಗಾಗಿ ಅಲ್ಲವೆಂಬುದು ಮುಖ್ಯ. ಹೊಸದಾಗಿ ಜೋಡಿಸಿದ ಫೋನಿನ ಮೆಮೊರಿ ಬರಿದಾಗಿದ್ದರೆ ಮೊದಲ ಅಕ್ಷರವನ್ನು ಬರೆಯಲು ಒಂದು ದಾರಿ ಬೇಕು. ಚಿಪ್ಪುಗಳ ಮೇಲೆ ಮೊದಲೇ ಬರೆದು ಆಮೇಲೆ ಜೋಡಿಸುವ ಪದ್ಧತಿಯೂ ಉಂಟು. ಆದರೂ ಕೆಟ್ಟು ಮರಳಿಬಂದ ಫೋನುಗಳನ್ನು ಸರ್ವಿಸ್ ಸೆಂಟರಿನಲ್ಲಿ ಎಬ್ಬಿಸಲು ಆ ದಾರಿ ಬೇಕೇ ಬೇಕು. ಆದುದರಿಂದ ಬೇರೆ ಬೇರೆ ತಯಾರಕರು ಬೇರೆ ಬೇರೆ ಹೆಸರಿನಿಂದ ಅದನ್ನು ಉಳಿಸಿಕೊಂಡರು. ಕ್ವಾಲ್‌ಕಾಮ್ ಚಿಪ್‌ಗಳಲ್ಲಿ ಅದು ತುರ್ತು ಡೌನ್‌ಲೋಡ್ ಸ್ಥಿತಿ, ಅಂದರೆ ಇ.ಡಿ.ಎಲ್. ಈ ಸ್ಥಿತಿಯಲ್ಲಿರುವ ಫೋನನ್ನು ಕಂಪ್ಯೂಟರಿಗೆ ಜೋಡಿಸಿದರೆ ೯೦೦೮ ಎಂಬ ಸಂಖ್ಯೆ ಕಾಣಿಸುತ್ತದೆ; ಪರದೆ ಕತ್ತಲಾಗಿದ್ದರೂ ಆ ಸಂಖ್ಯೆಯೇ ಫೋನಿನ ನಾಡಿಬಡಿತವೆಂದು ದುರಸ್ತಿಗಾರರು ನಂಬುತ್ತಾರೆ. ಮೀಡಿಯಾಟೆಕ್ ಚಿಪ್‌ಗಳಲ್ಲಿ ಆದಿಲೇಖವು ಯು.ಎಸ್.ಬಿ. ಮೂಲಕ ಸಂಕೇತಕ್ಕಾಗಿ ಸ್ವಲ್ಪ ಹೊತ್ತು ಮಾತ್ರ ಕಾಯುತ್ತದೆ. ಆ್ಯಪಲ್ ಸಂಸ್ಥೆಯಲ್ಲಿ ಇದಕ್ಕೆ ಡಿ.ಎಫ್.ಯು. ಎಂದು ಹೆಸರು. ಸ್ಯಾಮ್‌ಸಂಗ್ ಫೋನುಗಳ ಡೌನ್‌ಲೋಡ್ ಸ್ಥಿತಿಯಾದರೋ ಆದಿಲೇಖದಲ್ಲಿರದೆ ಬೂಟ್‌ಲೋಡರಿನಲ್ಲಿರುತ್ತದೆ. ಆದುದರಿಂದ ಬೂಟ್‌ಲೋಡರೇ ಅಳಿದುಹೋದರೆ ಆ ಬಾಗಿಲು ಇಲ್ಲವಾಗಿ, ಇನ್ನೂ ಕೆಳಗಿನ ದಾರಿಯನ್ನು ಹುಡುಕಬೇಕಾಗುತ್ತದೆ.

ಪುನರುಜ್ಜೀವನದ ಕ್ರಮವನ್ನು ಕ್ವಾಲ್‌ಕಾಮ್ ಫೋನೊಂದರ ನಿದರ್ಶನದಿಂದ ವಿವರಿಸಬಹುದು. ಮೊದಲು ಫೋನನ್ನು ಕಂಪ್ಯೂಟರಿಗೆ ಜೋಡಿಸಿ ೯೦೦೮ ಸಂಖ್ಯೆ ಬರುವುದೇ ಎಂದು ನೋಡಬೇಕು. ಬಾರದಿದ್ದರೆ ನಿರ್ದಿಷ್ಟ ಗುಂಡಿಗಳನ್ನು ಒಟ್ಟಿಗೆ ಒತ್ತಿ ಪ್ರಯತ್ನಿಸುತ್ತಾರೆ. ಅದೂ ಫಲಿಸದಿದ್ದರೆ ಹಿಂಬದಿಯ ಮುಚ್ಚಳವನ್ನು ಬಿಚ್ಚಿ, ಮದರ್‌ಬೋರ್ಡಿನ ಮೇಲೆ ‘ಟೆಸ್ಟ್ ಪಾಯಿಂಟ್’ ಎಂಬ ಸಣ್ಣ ಬಿಂದುಗಳನ್ನು ಚಿಮಟದಿಂದ ಜೋಡಿಸಿ, ಫೋನು ತಾನಾಗಿಯೇ ತುರ್ತುಸ್ಥಿತಿಗೆ ಬೀಳುವಂತೆ ಮಾಡುತ್ತಾರೆ. ಆಗ ಸಹಾರಾ ಎಂಬ ಸಂವಾದಕ್ರಮದಲ್ಲಿ, ಫೈರ್‌ಹೋಸ್ ಎಂದು ಕರೆಯಲಾಗುವ ಒಂದು ಚಿಕ್ಕ ಪ್ರೋಗ್ರಾಮನ್ನು ಕಳುಹಿಸಬೇಕು. ಇದು ಫೋನಿನ ತಾತ್ಕಾಲಿಕ ಮೆಮೊರಿಯಲ್ಲಿ ನಿಂತು, ಹೊರಗಿನಿಂದ ಬರುವ ಆಜ್ಞೆಗಳ ಪ್ರಕಾರ ಫ್ಲ್ಯಾಷ್ ಮೆಮೊರಿಯ ಪ್ರತಿಯೊಂದು ವಿಭಾಗದಲ್ಲಿಯೂ ಬೇಕಾದುದನ್ನು ಬರೆಯುತ್ತದೆ. ಮಂಗಳಾರತಿಗೆ ಮೊದಲು ಗರ್ಭಗುಡಿಯ ಬಾಗಿಲು ತೆರೆಯುವಂತೆ, ಈ ಪ್ರೋಗ್ರಾಮು ಒಳಹೊಕ್ಕ ಮೇಲೆಯೇ ಉಳಿದ ಕ್ರಿಯೆಗಳೆಲ್ಲ ನಡೆಯತಕ್ಕವು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಎಲ್ಲ ವಿಭಾಗಗಳೂ ಒಂದೇ ತೆರನಾದವಲ್ಲ. ಬೂಟ್‌ಲೋಡರು ಒಂದು ಮಾದರಿಯ ಎಲ್ಲ ಫೋನುಗಳಿಗೂ ಸಮಾನ, ಆದರೆ ಐ.ಎಂ.ಇ.ಐ. ಸಂಖ್ಯೆ ಮತ್ತು ರೇಡಿಯೋ ಹೊಂದಾಣಿಕೆಯ ಅಂಕಗಳಿರುವ ವಿಭಾಗ ಪ್ರತಿಯೊಂದು ಫೋನಿಗೂ ಪ್ರತ್ಯೇಕವಾದುದು. ಅವಿವೇಕದಿಂದ ಎಲ್ಲವನ್ನೂ ಅಳಿಸಿ ಬರೆದರೆ ಫೋನು ಎದ್ದರೂ ಕರೆ ಬಾರದು. ಮಾಲೀಕನ ಚಿತ್ರ, ಪತ್ರ, ಲೆಕ್ಕಗಳಿರುವ ವಿಭಾಗವೂ ಬೇರೆಯೇ ಆಗಿದ್ದು, ಕೆಟ್ಟದ್ದು ಬೂಟ್‌ಲೋಡರು ಮಾತ್ರವಾದಲ್ಲಿ ಅದನ್ನು ಮುಟ್ಟದೆ ಫೋನನ್ನು ಎಬ್ಬಿಸಬಹುದು. ಎರಡನೆಯದಾಗಿ, ಈ ವಿದ್ಯೆಗೆ ಮಿತಿಯುಂಟು. ೨೦೧೨ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ ಮೊದಲಾದ ಕೆಲವು ಫೋನುಗಳಲ್ಲಿ ಅಳಿಸುವ ಆಜ್ಞೆಯೊಂದು ಮೆಮೊರಿ ಚಿಪ್‌ನ ಒಳಲೆಕ್ಕವನ್ನೇ ಕೆಡಿಸಿದಾಗ, ಸಾಮಾನ್ಯ ಫ್ಲ್ಯಾಷ್ ಸಾಧನಗಳು ಕೈಚೆಲ್ಲಿದವು. ಬರೆಯುವ ಹಲಗೆಯೇ ಒಡೆದಲ್ಲಿ ಬಳಪದಿಂದೇನು ಪ್ರಯೋಜನ?

೫. ಕೀಲಿಗಳು ಹೊರಬಂದ ಬಗೆ

ಬಾಗಿಲು ಇದ್ದ ಮಾತ್ರಕ್ಕೆ ಹೊಗುವವನಿಗೆ ದಾರಿ ತಿಳಿಯದು. ತಯಾರಕರು ತಮ್ಮ ಸರ್ವಿಸ್ ಸೆಂಟರುಗಳಿಗೆಂದು ಮಾಡಿಕೊಂಡ ಸಾಧನಗಳು ಹೊರಗಿನವರ ಕೈಗೆ ಬಂದ ರೀತಿಯೇ ಈ ಚರಿತ್ರೆಯ ಎರಡನೆಯ ಘಟ್ಟ. ಸ್ಮಾರ್ಟ್‌ಫೋನುಗಳು ಸಾಮಾನ್ಯವಾಗುವ ಮೊದಲೇ ನೋಕಿಯಾ ಫೋನುಗಳಿಗೆ ಫೀನಿಕ್ಸ್ ಎಂಬ ಸೇವಾತಂತ್ರಾಂಶವಿತ್ತು. ಬೂದಿಯಿಂದೇಳುವ ಹಕ್ಕಿಯ ಹೆಸರನ್ನು ಹೊತ್ತ ಆ ಸಾಧನದಲ್ಲಿ ಸತ್ತ ಫೋನನ್ನು ಯು.ಎಸ್.ಬಿ. ಮೂಲಕ ಬರೆಯುವ ಆಯ್ಕೆಯೇ ಪ್ರತ್ಯೇಕವಾಗಿತ್ತು. ನೋಕಿಯಾ ಹೊರಗಿನವರಿಗೆಂದು ಕೊಡದಿದ್ದರೂ ಅದು ಬೀದಿಯ ಅಂಗಡಿಗಳವರೆಗೆ ಹರಡಿತು. ಸ್ಯಾಮ್‌ಸಂಗ್‌ನ ಓಡಿನ್ ಎಂಬ ಸಾಧನವೂ ಹಾಗೆಯೇ ಸಂಸ್ಥೆಯ ಒಳಗಿನಿಂದ ಸೋರಿ ಬಂದುದು. ಅನಂತರ ಸ್ವತಂತ್ರ ತಂತ್ರಜ್ಞರು ಅದೇ ಕೆಲಸ ಮಾಡುವ, ಆಕರಬರಹ ಎಲ್ಲರಿಗೂ ತೆರೆದಿರುವ ಹೀಮ್‌ಡಾಲ್ ಎಂಬ ಸಾಧನವನ್ನು ರಚಿಸಿದರು. ಓಡಿನ್ ಉತ್ತರ ಯೂರೋಪಿನ ಪುರಾಣದ ದೇವರಾಜ; ಹೀಮ್‌ಡಾಲ್ ಅದೇ ಪುರಾಣದಲ್ಲಿ ದೇವಲೋಕದ ಕಾವಲುಗಾರ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ಬಾಗಿಲು ಕಾಯುವವನ ಹೆಸರು ಬಾಗಿಲು ತೆರೆಯುವ ಸಾಧನಕ್ಕೆ ಬಂದುದು ಸ್ವಾರಸ್ಯವಾಗಿದೆ.

ಭಾರತದ ಮಟ್ಟಿಗೆ ಇವೆಲ್ಲಕ್ಕಿಂತ ವ್ಯಾಪಕವಾಗಿ ಬಳಕೆಗೆ ಬಂದ ಸಾಧನಗಳಲ್ಲಿ ತೈವಾನಿನ ಮೀಡಿಯಾಟೆಕ್ ಸಂಸ್ಥೆಯ ಎಸ್.ಪಿ. ಫ್ಲ್ಯಾಷ್ ಟೂಲನ್ನು ಮುಖ್ಯವಾಗಿ ಹೆಸರಿಸಬೇಕು. ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ ಮೊದಲಾದ ಸಂಸ್ಥೆಗಳು ಅಗ್ಗದ ಫೋನುಗಳನ್ನು ಮಾರಿದಾಗ ಅವುಗಳಲ್ಲಿ ಹಲವು ಮೀಡಿಯಾಟೆಕ್ ಚಿಪ್‌ನಿಂದಲೇ ನಡೆಯುತ್ತಿದ್ದವು. ಒಂದು ಸಾಧನವನ್ನು ಕಲಿತವನು ಹಲವು ಸಂಸ್ಥೆಗಳ ಫೋನುಗಳನ್ನು ಎಬ್ಬಿಸಬಲ್ಲವನಾದನು. ಯಾವ ವಿಭಾಗ ಯಾವ ವಿಳಾಸದಲ್ಲಿದೆಯೆಂದು ತೋರಿಸುವ ‘ಸ್ಕ್ಯಾಟರ್ ಫೈಲ್’ ಎಂಬ ಪಟ್ಟಿಯೊಂದು ಇದ್ದರಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆ ಮತ್ತು ನ್ಯಾಷನಲ್ ಮಾರ್ಕೆಟ್, ದೆಹಲಿಯ ಗಫಾರ್ ಮಾರ್ಕೆಟ್ ಮುಂತಾದ ಪೇಟೆಗಳಲ್ಲಿ ಈ ವಿದ್ಯೆ ಪಠ್ಯಪುಸ್ತಕವಿಲ್ಲದೆ, ಕೆಲಸ ಕಲಿಸುವವನ ಪಕ್ಕದಲ್ಲಿ ಕುಳಿತು ಕಲಿಯುವ ರೂಢಿಯಿಂದ ಬೆಳೆಯಿತು. ತಯಾರಕನ ಸರ್ವಿಸ್ ಸೆಂಟರಿಲ್ಲದ ಊರುಗಳಲ್ಲಿ ಕೆಟ್ಟ ಫೋನಿಗೆ ಗತಿಯಾದವರು ಇಂಥ ಅಂಗಡಿಗಳವರೇ. ಅವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಇಲ್ಲದಿರುವುದು ಈ ಚರಿತ್ರೆಯ ದೊಡ್ಡ ಕೊರತೆ.

೬. ಮುದ್ರೆ ಮತ್ತು ಬೀಗ

ಮೂರನೆಯ ಘಟ್ಟ ಬೀಗಗಳದು. ಅದರ ಮುನ್ಸೂಚನೆ ಅಮೆರಿಕದಲ್ಲಿ ೨೦೦೭ರಲ್ಲಿಯೇ ಕಂಡಿತು. ಆ ವರ್ಷ ಬಂದ ಐಫೋನನ್ನು ಬೇರೆ ಕಂಪನಿಗಳ ಸಿಮ್‌ಗೆ ಹೊಂದುವಂತೆ ಕೆಲವರು ತಿದ್ದಿಕೊಂಡಿದ್ದರು. ಹಾಗೆ ತಿದ್ದಿದ ಫೋನುಗಳು ಮುಂದಿನ ಅಪ್‌ಡೇಟಿನಿಂದ ಶಾಶ್ವತವಾಗಿ ನಿಲ್ಲಬಹುದೆಂದು ಆ್ಯಪಲ್ ಸಂಸ್ಥೆ ಸೆಪ್ಟೆಂಬರ್ ೨೪ರಂದು ಎಚ್ಚರಿಸಿತು; ೨೭ರಂದು ಅಪ್‌ಡೇಟು ಬಂದಿತು; ಅನೇಕ ಫೋನುಗಳು ನಿಂತುಹೋದವು. ಇಟ್ಟಿಗೆ ಎಂಬ ಶಬ್ದ ಪತ್ರಿಕೆಗಳ ಮೂಲಕ ಮನೆಮಾತಾಗಲು ಈ ಪ್ರಸಂಗ ಬಹಳ ನೆರವಾಯಿತು.

ಬೀಗದ ತತ್ತ್ವ ಡಿಜಿಟಲ್ ಸಹಿ. ತಯಾರಕನು ತನ್ನ ಗುಪ್ತಕೀಲಿಯಿಂದ ಬರಹಕ್ಕೆ ಸಹಿ ಹಾಕುತ್ತಾನೆ. ಆ ಸಹಿಯನ್ನು ಪರೀಕ್ಷಿಸುವ ಗುರುತು ಚಿಪ್‌ನ ಒಳಗಿನ ಸೂಕ್ಷ್ಮ ಫ್ಯೂಸುಗಳಲ್ಲಿ ಸುಟ್ಟು ಅಚ್ಚಾಗಿರುತ್ತದೆ. ಸಹಿ ಕೂಡದ ಬರಹವನ್ನು ಆದಿಲೇಖ ಸ್ವೀಕರಿಸುವುದಿಲ್ಲ. ಇದು ನಮ್ಮ ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಸಮಸ್ಯೆಯೇನೂ ಅಲ್ಲ. ತಾಮ್ರಪಟಗಳನ್ನು ಪೋಣಿಸಿದ ಬಳೆಗೆ ರಾಜಮುದ್ರೆ ಹಾಕುತ್ತಿದ್ದುದು ಬರಹವು ಅರಮನೆಯಿಂದಲೇ ಬಂದುದೆಂದು ಸಾರುವುದಕ್ಕಾಗಿ. ಆದರೂ ಕೂಟಶಾಸನಗಳು ಹುಟ್ಟಿದವು. ಗಂಗರ ತಾಮ್ರಶಾಸನಗಳ ಪ್ರಾಮಾಣ್ಯವನ್ನು ಕುರಿತು ಫ್ಲೀಟ್ ಮತ್ತು ರೈಸ್ ಅವರ ನಡುವೆ ನಡೆದ ವಿವಾದ ಪ್ರಸಿದ್ಧವಾಗಿದೆ. ಸಾದೃಶ್ಯದೊಳಗಿನ ಭೇದವೇ ಇಲ್ಲಿ ಹೆಚ್ಚು ಬೋಧಪ್ರದ. ತಾಮ್ರಶಾಸನ ದಾನ ಪಡೆದವನ ಮನೆಯಲ್ಲಿದ್ದು ಅವನ ಹಕ್ಕಿಗೆ ಆಧಾರವಾಗಿತ್ತು. ಫೋನಿನ ಮುದ್ರೆ ಕೊಂಡವನ ಮನೆಯಲ್ಲಿದ್ದರೂ ಮಾರಿದವನ ಹಕ್ಕನ್ನೇ ಸಾರುತ್ತದೆ.

ಬೀಗಗಳು ಒಂದರ ಮೇಲೊಂದು ಬಂದುವು. ೨೦೦೯ರ ಐಫೋನ್ ೩ಜಿಎಸ್‌ನಿಂದ ಮೊದಲ್ಗೊಂಡು ಆ್ಯಪಲ್ ಸಂಸ್ಥೆ ಪ್ರತಿಯೊಂದು ಫೋನಿಗೂ ಅದರದೇ ಸಂಖ್ಯೆಗೆ ಹೊಂದುವ ಸಹಿಯನ್ನು ತನ್ನ ಸರ್ವರಿನಿಂದ ಕೊಡತೊಡಗಿತು. ೨೦೧೩ರಲ್ಲಿ ಸ್ಯಾಮ್‌ಸಂಗ್ ನಾಕ್ಸ್ ವ್ಯವಸ್ಥೆಯೊಡನೆ, ಅನಧಿಕೃತ ಬರಹ ಒಳಹೊಕ್ಕರೆ ಸುಟ್ಟುಹೋಗಿ ಮತ್ತೆ ಸರಿಯಾಗದ ಫ್ಯೂಸೊಂದನ್ನು ತಂದಿತು. ೨೦೧೭ರ ಆ್ಯಂಡ್ರಾಯ್ಡ್ ೮ರೊಡನೆ ಹಳೆಯ ಆವೃತ್ತಿಗೆ ಹಿಂತಿರುಗುವುದನ್ನು ತಡೆಯುವ ಕ್ರಮ ಬಂದಿತು.

ಈ ಕೊನೆಯ ಕ್ರಮದ ಪರಿಣಾಮ ನಮ್ಮ ದೇಶದಲ್ಲಿಯೇ ಸ್ಪಷ್ಟವಾಗಿ ಕಂಡಿತು. ಶಿಯೋಮಿ ಸಂಸ್ಥೆಯ ರೆಡ್ಮಿ ನೋಟ್ ೫ ಪ್ರೊ ೨೦೧೮ರ ಫೆಬ್ರವರಿಯಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಆ ವರ್ಷದ ಮಧ್ಯಭಾಗದಲ್ಲಿ ಅದರ ಹೊಸ ಆವೃತ್ತಿಗೆ ಹಿಂತಿರುಗುವಿಕೆಯನ್ನು ತಡೆಯುವ ಸಂಖ್ಯೆಯೊಂದು ಸೇರಿತು. ಅನಂತರ ಹಳೆಯ ಆವೃತ್ತಿಯನ್ನು ಬರೆದವರ ಫೋನುಗಳು ಏಳದೆ ತುರ್ತುಸ್ಥಿತಿಗೆ ಬಿದ್ದುವು. ಬರೆದದ್ದು ಅನ್ಯರ ಬರಹವಲ್ಲ, ಶಿಯೋಮಿಯದೇ ಸಹಿಯುಳ್ಳ ಹಳೆಯ ಬರಹ. ತುರ್ತುಬಾಗಿಲು ತೆರೆದೇ ಇತ್ತು. ಆದರೆ ಅಲ್ಲಿ ಬರೆಯಲು ಸಂಸ್ಥೆ ಅಧಿಕಾರ ಕೊಟ್ಟ ಖಾತೆ ಬೇಕಾಗಿತ್ತು, ಆ ಖಾತೆ ಸಾಮಾನ್ಯ ಮಾಲೀಕನಿಗೆ ಲಭ್ಯವಿರಲಿಲ್ಲ. ರೋಗವೂ ತಿಳಿದಿದೆ, ಔಷಧವೂ ತಿಳಿದಿದೆ. ಕೊಡುವ ಅಪ್ಪಣೆ ಮಾತ್ರ ಇಲ್ಲ. ಅಂಥ ಫೋನಿನ ಮರಣವನ್ನು ತಾಂತ್ರಿಕ ಮರಣವೆನ್ನುವುದಕ್ಕಿಂತ ಆಡಳಿತಾತ್ಮಕ ಮರಣವೆನ್ನುವುದು ಹೆಚ್ಚು ಸಮಂಜಸ.

೭. ಪೂರ್ವಪಕ್ಷ ಮತ್ತು ಸಮಾಧಾನ

ತಯಾರಕರ ಪಕ್ಷವನ್ನು ಲಘುವಾಗಿ ತಳ್ಳಿಹಾಕಲಾಗದು. ಕೆಳಸ್ತರದಲ್ಲಿ ಬರೆಯಬಲ್ಲವನು ಫೋನಿನ ಕಳ್ಳನೂ ಆಗಿರಬಹುದು, ಹಿಂದಿನ ಮಾಲೀಕನ ಖಾತೆಯ ಬೀಗವನ್ನು ಅಳಿಸಿ ಅದನ್ನು ಮಾರಬಹುದು, ಐ.ಎಂ.ಇ.ಐ. ಸಂಖ್ಯೆಯನ್ನು ತಿರುಚಬಹುದು. ಈ ಕೊನೆಯ ಕೃತ್ಯವನ್ನು ಭಾರತ ಸರ್ಕಾರ ೨೦೧೭ರಲ್ಲಿ ನಿಯಮಗಳ ಮೂಲಕ ಪ್ರತಿಷೇಧಿಸಿದೆ. ೨೦೧೮ರ ಜನವರಿಯಲ್ಲಿ ಅಲೆಫ್ ಸೆಕ್ಯೂರಿಟಿ ಎಂಬ ಸಂಶೋಧನಾ ತಂಡ, ಸೋರಿಹೋದ ಫೈರ್‌ಹೋಸ್ ಪ್ರೋಗ್ರಾಮುಗಳನ್ನು ಬಳಸಿ ಹಲವು ಸಂಸ್ಥೆಗಳ ಫೋನುಗಳ ರಕ್ಷಣೆಯನ್ನು ಭೇದಿಸಬಹುದೆಂದು ತೋರಿಸಿತು. ೨೦೧೯ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಚೆಕ್‌ಮೇಟ್ ಎಂಬ ದೋಷವು ಐಫೋನ್ ೪ಎಸ್‌ನಿಂದ ಐಫೋನ್ ಟೆನ್ ವರೆಗಿನ ಆದಿಲೇಖದಲ್ಲಿಯೇ ಇದ್ದುದರಿಂದ ಅದನ್ನು ಯಾವ ಅಪ್‌ಡೇಟಿನಿಂದಲೂ ಮುಚ್ಚುವುದು ಸಾಧ್ಯವಾಗಲಿಲ್ಲ. ಅಳಿಸಲಾರದ ಬರಹದ ಗುಣವೂ ಅದೇ, ದೋಷವೂ ಅದೇ.

ಆದರೆ ಕೀಲಿಕೈ ಒಂದೇ ಕೈಯಲ್ಲಿದ್ದಾಗ ಏನಾಗುತ್ತದೆಂಬುದಕ್ಕೂ ನಿದರ್ಶನಗಳಿವೆ. ಹೊರಗಿನ ದುರಸ್ತಿಗಾರರಿಂದ ಬೆರಳಚ್ಚಿನ ಗುಂಡಿಯನ್ನು ಬದಲಿಸಿದ್ದ ಐಫೋನ್ ೬ ಮೊದಲಾದವು ಅಪ್‌ಡೇಟಿನ ಸಮಯದಲ್ಲಿ ‘ದೋಷ ೫೩’ ಎಂದು ತೋರಿಸಿ ನಿಂತವು. ೨೦೧೬ರ ಫೆಬ್ರವರಿಯಲ್ಲಿ ಇದು ದೊಡ್ಡ ಸುದ್ದಿಯಾದ ಮೇಲೆ ಆ್ಯಪಲ್ ಸಂಸ್ಥೆ ಅವನ್ನು ಮರಳಿ ಎಬ್ಬಿಸುವ ಅಪ್‌ಡೇಟನ್ನು ಕೊಟ್ಟಿತು. ಸತ್ತವೆನಿಸಿದ ಫೋನುಗಳು ಒಂದು ಬರಹದಿಂದ ಎದ್ದುವೆಂಬುದೇ ನಮ್ಮ ವಾದಕ್ಕೆ ಬಲವಾದ ಸಾಕ್ಷ್ಯ. ಗ್ರಾಹಕರಿಗೆ ಅವರ ಹಕ್ಕನ್ನು ಕುರಿತು ತಪ್ಪು ತಿಳಿವಳಿಕೆ ಕೊಟ್ಟುದಕ್ಕಾಗಿ ೨೦೧೮ರ ಜೂನಿನಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ ಆ ಸಂಸ್ಥೆಗೆ ೯೦ ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ದಂಡ ವಿಧಿಸಿತು. ಬ್ಯಾಟರಿಗೆ ಬೆಂಕಿ ಹತ್ತುತ್ತಿದ್ದ ಗ್ಯಾಲಕ್ಸಿ ನೋಟ್ ೭ ಫೋನುಗಳನ್ನು ಮರಳಿ ಕೊಡದೆ ಉಳಿಸಿಕೊಂಡವರಿಗಾಗಿ, ಚಾರ್ಜ್ ಆಗದಂತೆ ತಡೆಯುವ ಅಪ್‌ಡೇಟನ್ನು ಸ್ಯಾಮ್‌ಸಂಗ್ ೨೦೧೬ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಕಳುಹಿಸಿತು. ಉದ್ದೇಶ ಜನರ ಸುರಕ್ಷತೆಯೇ ಆಗಿದ್ದರೂ, ಮಾರಿದ ವಸ್ತುವನ್ನು ದೂರದಿಂದಲೇ ಇಟ್ಟಿಗೆಯಾಗಿಸುವ ಶಕ್ತಿ ತಯಾರಕನಲ್ಲಿ ಉಳಿದಿದೆಯೆಂಬುದು ಇದರಿಂದ ವ್ಯಕ್ತವಾಯಿತು.

ಈ ಎರಡು ಪಕ್ಷಗಳ ನಡುವೆ ನಿರ್ಣಯಕ್ಕೆ ಬರಲು ನಮಗೆ ಎರಡು ಆಧಾರಗಳಿವೆ. ಮೊದಲನೆಯದು ಕ್ಯಾಲಿಫೋರ್ನಿಯ ರಾಜ್ಯದ ೨೦೧೪ರ ಕಾನೂನು. ೨೦೧೫ರ ಜುಲೈ ೧ರ ಅನಂತರ ತಯಾರಾಗಿ ಆ ರಾಜ್ಯದಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳು ಕಳುವಾದಾಗ ನಿರುಪಯುಕ್ತವಾಗುವಂತಿರಬೇಕೆಂದು ಅದು ವಿಧಿಸಿತು. ಅಂದರೆ ಇಟ್ಟಿಗೆಯಾಗುವ ಗುಣವನ್ನೇ ಕಾನೂನು ಕಡ್ಡಾಯ ಮಾಡಿತು. ಆದರೆ ಅದೇ ಕಾನೂನು, ಫೋನು ನಿಜವಾದ ಮಾಲೀಕನಿಗೆ ಮರಳಿ ಸಿಕ್ಕಿದಾಗ ಅದನ್ನು ಪೂರ್ವಸ್ಥಿತಿಗೆ ತರಲು ಸಾಧ್ಯವಿರಬೇಕೆಂದೂ ಹೇಳಿತು. ಕಳ್ಳನಿಗೆ ಮುಚ್ಚಬೇಕು, ಮಾಲೀಕನಿಗೆ ತೆರೆಯಬೇಕು ಎಂಬ ವಿವೇಕ ಅದರಲ್ಲಿದೆ.

ಎರಡನೆಯ ಆಧಾರ ಆ್ಯಪಲ್ ಸಂಸ್ಥೆಯ ರೂಢಿಯೇ. ನಿಶ್ಚೇಷ್ಟಿತವಾದ ಐಫೋನನ್ನು ಡಿ.ಎಫ್.ಯು. ಸ್ಥಿತಿಗೆ ತಂದು, ಸಂಸ್ಥೆಯ ಸಹಿಯುಳ್ಳ ಫರ್ಮ್‌ವೇರನ್ನು ಮನೆಯಲ್ಲಿಯೇ ಬರೆದುಕೊಳ್ಳಲು ಮಾಲೀಕನಿಗೆ ಅವಕಾಶವಿದೆ. ಹಾಗೆ ಬರೆದರೂ ೨೦೧೩ರಿಂದ ಜಾರಿಯಲ್ಲಿರುವ ಕಳವುನಿರೋಧಕ ಬೀಗ ಸರ್ವರಿನಲ್ಲಿ ಉಳಿದೇ ಇರುವುದರಿಂದ ಕಳ್ಳನಿಗೆ ಲಾಭವಿಲ್ಲ. ಸಂಸ್ಥೆ ಸಾಮಾನ್ಯವಾಗಿ ಹೊಸ ಆವೃತ್ತಿಗಳಿಗೆ ಮಾತ್ರ ಸಹಿ ಕೊಡುತ್ತದೆಂಬ ಮಿತಿ ಇದ್ದೇ ಇದೆ. ಆದಾಗ್ಯೂ ಪುನರುಜ್ಜೀವನವನ್ನೂ ರಕ್ಷಣೆಯನ್ನೂ ಒಟ್ಟಿಗೆ ಸಾಧಿಸಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ. ತಯಾರಕನ ಸ್ವಂತ ಸಹಿಯುಳ್ಳ ಮೂಲಬರಹವನ್ನು, ಗುರುತಿನ ವಿಭಾಗವನ್ನು ಮುಟ್ಟದೆ, ಮಾಲೀಕನೇ ಮರಳಿ ಬರೆದರೆ ಯಾರಿಗೂ ಹಾನಿಯಿಲ್ಲ. ಆದುದರಿಂದ ಬೀಗ ಇರಲೇಬಾರದೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಮಾಲೀಕನನ್ನೂ ಕಳ್ಳನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಬೀಗ ನ್ಯಾಯವಲ್ಲವೆಂದು ಮಾತ್ರ ಹೇಳುತ್ತೇವೆ.

೮. ಕಾನೂನಿನ ಪ್ರವೇಶ

ಇತ್ತೀಚಿನ ವರ್ಷಗಳಲ್ಲಿ ಈ ವಿವಾದ ಅಂಗಡಿಯಿಂದ ಸರ್ಕಾರದ ಕಚೇರಿಗಳಿಗೆ ಏರಿದೆ. ಅಮೆರಿಕದಲ್ಲಿ ೧೯೯೮ರ ಕೃತಿಸ್ವಾಮ್ಯದ ಕಾನೂನು ಡಿಜಿಟಲ್ ಬೀಗಗಳನ್ನು ಮುರಿಯುವುದನ್ನು ನಿಷೇಧಿಸಿತ್ತು. ೨೦೧೮ರ ಅಕ್ಟೋಬರಿನಲ್ಲಿ ಸ್ಮಾರ್ಟ್‌ಫೋನಿನ ದುರಸ್ತಿಗಾಗಿ ವಿನಾಯಿತಿ ದೊರೆಯಿತು. ಆದರೆ ಆ ವಿನಾಯಿತಿ ಬೀಗ ತೆಗೆಯುವ ಕ್ರಿಯೆಗೆ ಅನ್ವಯಿಸುತ್ತದೆಯೇ ಹೊರತು, ತೆಗೆಯುವ ಸಾಧನವನ್ನು ಇತರರಿಗೆ ಹಂಚುವುದಕ್ಕಲ್ಲ. ತೆರೆಯಬಹುದು, ಕೀಲಿ ಮಾತ್ರ ಮಾರುವಂತಿಲ್ಲ. ಫ್ರಾನ್ಸ್ ೨೦೨೧ರ ಜನವರಿಯಿಂದ ಫೋನು ಮೊದಲಾದ ವಸ್ತುಗಳ ಮೇಲೆ ದುರಸ್ತಿಯ ಸುಲಭತೆಯನ್ನು ಸೂಚಿಸುವ ಅಂಕವನ್ನು ನಮೂದಿಸಬೇಕೆಂದು ವಿಧಿಸಿತು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೨ರ ಜುಲೈಯಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರ್ ೨೪ರಂದು ಅದಕ್ಕಾಗಿ ಜಾಲತಾಣವನ್ನು ತೆರೆಯಿತು. ಯೂರೋಪಿನ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಅನ್ವಯವಾಗುತ್ತಿರುವ ನಿಯಮಗಳು, ಬಿಡಿಭಾಗಗಳನ್ನು ಬದಲಿಸಲು ಬೇಕಾದ ಸಾಫ್ಟ್‌ವೇರ್ ಹಾಗೂ ಫರ್ಮ್‌ವೇರನ್ನು ವೃತ್ತಿಪರ ದುರಸ್ತಿಗಾರರಿಗೆ ಭೇದವಿಲ್ಲದೆ ಒದಗಿಸಬೇಕೆನ್ನುತ್ತವೆ. ಪರದೆ, ಬ್ಯಾಟರಿಗಳನ್ನು ದಾಟಿ ಕಾನೂನಿನ ದೃಷ್ಟಿ ಒಳಗಿನ ಬರಹದವರೆಗೆ ತಲುಪುತ್ತಿರುವುದಕ್ಕೆ ಇದನ್ನು ಗುರುತೆಂದು ಗ್ರಹಿಸಬಹುದು.

೯. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ಘಟ್ಟಗಳು ಸ್ಪಷ್ಟವಾಗುತ್ತವೆ: ಬಾಗಿಲಿದ್ದೂ ಹೊರಗಿನವರಿಗೆ ದಾರಿ ತಿಳಿಯದಿದ್ದ ಕಾಲ; ಸಾಧನಗಳು ಸೋರಿಬಂದು ವಿದ್ಯೆ ಪೇಟೆಗೆ ಇಳಿದ ಕಾಲ; ಸಹಿ ಮತ್ತು ಖಾತೆಗಳ ಮೂಲಕ ಬೀಗ ಬಿದ್ದು, ಆ ಬೀಗದ ನ್ಯಾಯಾನ್ಯಾಯ ಕಾನೂನಿನ ಮುಂದೆ ಬಂದ ಕಾಲ. ಈ ಘಟ್ಟಗಳು ಒಂದರೊಳಗೊಂದು ಬೆರೆತಿವೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ೨೦೧೮ರಲ್ಲಿ ಹೊಸ ಬೀಗಗಳು ಬೀಳುತ್ತಿದ್ದಾಗಲೇ ಹಳೆಯ ಕೀಲಿಗಳು ಸೋರುತ್ತಲೂ ಇದ್ದವು.

ಕೊನೆಯದಾಗಿ, ಇತಿಹಾಸಕಾರನಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯವನ್ನು ಸೂಚಿಸುವುದು ಅವಶ್ಯ. ನಮ್ಮ ಕಾಲದ ಪತ್ರಗಳು, ಚಿತ್ರಗಳು, ದಿನಚರಿಗಳು ಬಹುಮಟ್ಟಿಗೆ ಫೋನುಗಳಲ್ಲಿವೆ. ಫೋನು ಏಳದಿದ್ದರೆ ಬೇರೆಡೆ ಪ್ರತಿಯಿಲ್ಲದ ಆಕರವೂ ಏಳದು. ಸಹಿ ಕೊಡುವ ಸರ್ವರು ನಿಂತುಹೋದ ಮೇಲೆ, ಅಥವಾ ತಯಾರಕ ಸಂಸ್ಥೆಯೇ ಮುಚ್ಚಿಹೋದ ಮೇಲೆ, ಸಾಧನವಿದ್ದೂ ಬಾಗಿಲು ತೆರೆಯದ ಸ್ಥಿತಿ ಬರುತ್ತದೆ. ನಮ್ಮ ದೇಶದಲ್ಲಿ ೧೯೫೪ರ ಕಾನೂನಿನಂತೆ ಪ್ರಕಾಶಕರು ತಮ್ಮ ಪುಸ್ತಕಗಳ ಪ್ರತಿಗಳನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಗ್ರಂಥಾಲಯಗಳಿಗೆ ಒಪ್ಪಿಸಬೇಕಾಗಿದೆ. ಪುಸ್ತಕದ ಮಾರಾಟ ನಿಂತರೂ ಓದುವ ದಾರಿ ಉಳಿಯಲೆಂಬುದು ಅಂಥ ವ್ಯವಸ್ಥೆಯ ಫಲ. ತಯಾರಕನು ಒಂದು ಮಾದರಿಯ ಫೋನಿಗೆ ಬೆಂಬಲವನ್ನು ನಿಲ್ಲಿಸುವ ದಿನ, ಅದರ ಸಹಿಯುಳ್ಳ ಫರ್ಮ್‌ವೇರನ್ನೂ ಅದನ್ನು ಬರೆಯುವ ಪ್ರೋಗ್ರಾಮನ್ನೂ ಸಾರ್ವಜನಿಕ ಸಂಸ್ಥೆಯೊಂದಕ್ಕೆ ಒಪ್ಪಿಸಬೇಕೆಂಬ ನಿಯಮ ಇದೇ ತತ್ತ್ವದ ಮೇಲೆ ಬರಬಹುದಾಗಿದೆ. ಅಲ್ಲಿಯವರೆಗೆ ಪೇಟೆಯ ದುರಸ್ತಿಗಾರರು ತಮ್ಮ ಕಂಪ್ಯೂಟರುಗಳಲ್ಲಿ ಕೂಡಿಟ್ಟಿರುವ ಹಳೆಯ ಫೈಲುಗಳೇ ಈ ವಿಷಯದ ಗ್ರಂಥಭಂಡಾರ. ಅವು ಅಳಿದುಹೋಗುವ ಮೊದಲು ಅವುಗಳ ಪಟ್ಟಿಯನ್ನು ಮಾಡುವುದೂ, ಅವನ್ನು ಕೂಡಿಟ್ಟವರಿಂದ ಅವರ ಕೆಲಸದ ವೃತ್ತಾಂತವನ್ನು ಕೇಳಿ ಬರೆದಿಡುವುದೂ ಇತಿಹಾಸ ವಿಭಾಗಗಳು ಕೈಗೊಳ್ಳಬಹುದಾದ ಕಾರ್ಯವೆಂದು ನಮ್ಮ ನಮ್ರವಾದ ಅಭಿಪ್ರಾಯ.